ಕೊಂಡಿ ಬೆಸೆದು ಕೊಡಲೇ?

ಕಳೆದ ದಸರೆಗೆ ವಿಜಯಪುರದ ಸರಾಫರೊಬ್ಬರು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಅತ್ತಿಗೆಯ ಪಾಟಲಿ ರಿಪೇರಿಗೆಂದು ಹೋದವನು ಮಾತಿಗೆ ಮಾತು ಬಂದು ನನ್ನ ಪ್ರೂಫ್ ಸವರನ್ ತೋರಿಸಿದೆ. ಸವರನ್ ಎಂದರೆ ಬ್ರಿಟನ್ನಿನ ಚಿನ್ನದ ನಾಣ್ಯ, ಪ್ರೂಫ್ ಎಂದರೆ ಸಂಗ್ರಹಿಸುವವರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ್ದು. ಅವರು ಕವಚವನ್ನು ಉಗುರಿನಿಂದ ಮೀಟಿ ತೆರೆದರು, ನಾಣ್ಯದ ಮುಖವನ್ನು ಹೆಬ್ಬೆರಳಿನಿಂದ ತಿಕ್ಕಿದರು, ನಾನು ತಡೆಯುವಷ್ಟರಲ್ಲಿ ಅಂಚನ್ನು ಒರೆಗಲ್ಲಿಗೆ ಎಳೆದೇಬಿಟ್ಟರು. “ಇಪ್ಪತ್ತೆರಡು ಕ್ಯಾರೆಟ್, ತೊಲಕ್ಕೂ ಕಡಿಮೆ. ಕೊಂಡಿ ಬೆಸೆದು ಕೊಡಲೇ?”

ಪಕ್ಕದಲ್ಲಿದ್ದ ಅಣ್ಣ ಹೂಂ ಎನ್ನುವುದರಲ್ಲಿದ್ದ.

ಲೆಕ್ಕವೇನೋ ಸರಿ. ಸವರನ್ ತೂಗುವುದು 7.98 ಗ್ರಾಂ. ಆದರೆ ಪ್ರೂಫ್ ನಾಣ್ಯಕ್ಕೆ ಅಚ್ಚನ್ನೂ ಬಿಲ್ಲೆಯನ್ನೂ ಹೊಳಪೇರಿಸಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲು ಭಾಗ ಕನ್ನಡಿಯಾಗುತ್ತದೆ, ಚಿತ್ರ ಮಾತ್ರ ಮಸುಕು ಬಿಳುಪಿನಲ್ಲಿ ಮೇಲೇಳುತ್ತದೆ. ಆ ಕನ್ನಡಿಯ ಮೇಲೆ ಒಮ್ಮೆ ಬೆರಳಚ್ಚು ಬಿದ್ದರೆ ಮುಗಿಯಿತು. ಉಜ್ಜಿ ತೆಗೆಯಹೋದರೆ ಇನ್ನೂ ಕೆಡುತ್ತದೆ.

ನಾನಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. 1968ರಲ್ಲಿ ಬ್ರಿಟನ್ನಿನ ಹೊಸ ಟಂಕಸಾಲೆ ಶುರುವಾದ ಲಾಂಟ್ರಿಸಂಟ್ ಇಲ್ಲಿಗೆ ಹತ್ತಿರ. ನೆರೆಮನೆಯ ನಿವೃತ್ತ ಬಸ್ ಚಾಲಕರ ಬಳಿ 1989ರ ಪ್ರೂಫ್ ಸವರನ್ ಇದೆ. ಏಳನೆಯ ಹೆನ್ರಿ 1489ರಲ್ಲಿ ಮೊದಲ ಸವರನ್ ಹೊರಡಿಸಿ ಐನೂರು ವರ್ಷವಾದ ನೆನಪಿಗೆ ಬಂದದ್ದು ಅದು. ಮುಂದೆ ಸಿಂಹಾಸನದ ಮೇಲೆ ರಾಣಿ, ಹಿಂದೆ ಟ್ಯೂಡರ್ ಗುಲಾಬಿ. ಹತ್ತಿಯ ಕೈಗವಸು ತೊಟ್ಟು, ಅಂಚನ್ನಷ್ಟೇ ಹಿಡಿದು, ದೀಪದಡಿ ಓರೆಯಾಗಿಸಿ ತೋರಿಸುತ್ತಾರೆ. ಇನ್ನೊಂದು ನಾಣ್ಯದಲ್ಲಿ ಕೆತ್ತನೆಗಾರ ಪಿಸ್ಟ್ರುಚ್ಚಿ ಮೂಡಿಸಿದ, ಕುದುರೆಯೇರಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್ ಹಿಡಿದಿರುವುದು ಗಿಡ್ಡ ಕತ್ತಿ ಎಂಬುದನ್ನು ನನಗೆ ಕಾಣಿಸಿದವರೂ ಅವರೇ. ಚಿನ್ನದ ದರದ ಮಾತು ಅವರ ಬಾಯಲ್ಲಿ ನಾನು ಕೇಳಿಯೇ ಇಲ್ಲ.

ನಮ್ಮಲ್ಲಿ? ಅಜ್ಜಿಯ ಪುತಳಿ ಸರ ನಮ್ಮ ಮನೆಯ ಎಲ್ಲ ಮದುವೆಗಳಲ್ಲೂ ಮೆರೆಯಿತು. ಅದರ ಬಿಲ್ಲೆಗಳ ಮೇಲಿನ ಜೋಡಿಯನ್ನು ರಾಮ-ಸೀತೆ ಎಂದೇ ಎಲ್ಲರೂ ಕೈ ಮುಗಿದರು. ಮೂಲದಲ್ಲಿ ಅದು ವೆನಿಸ್‌ನ ಡ್ಯುಕಾಟ್ ನಾಣ್ಯದ ಚಿತ್ರ. ಸಂತ ಮಾರ್ಕನ ಮುಂದೆ ಮಂಡಿಯೂರಿದ ಡೋಜ್, ಅಂದರೆ ವೆನಿಸ್‌ನ ಆಡಳಿತದ ಮುಖ್ಯಸ್ಥ. ಕೊರಳಿಗೆ ಹಾಕಿಕೊಂಡವರಲ್ಲಿ ಒಬ್ಬರಾದರೂ ಕಣ್ಣಿಟ್ಟು ನೋಡಿದ್ದರೆ! 1918ರಲ್ಲಿ ಮುಂಬೈಯಲ್ಲೂ ಸವರನ್ ಅಚ್ಚಾಗಿತ್ತು, ಕುದುರೆಯ ಕೆಳಗೆ ಪುಟ್ಟ ‘ಐ’ ಅಕ್ಷರದೊಂದಿಗೆ. ಅವುಗಳಲ್ಲಿ ಎಷ್ಟು ನಮ್ಮ ಕಡೆ ಬಂದು ಮೂಸೆಗೆ ಬಿದ್ದವೋ ದೇವರೇ ಬಲ್ಲ. ಆದಿಲ್ ಷಾಹಿ ಟಂಕಸಾಲೆಯಿದ್ದ ನಾಡಿನವರು ನಾವು. ನಾಣ್ಯ ಕಂಡರೆ ತಕ್ಕಡಿಯನ್ನೇ ಹುಡುಕುತ್ತೇವೆ.

ಇರಲಿ, ಇದನ್ನೂ ಹೇಳಬೇಕು. ನನ್ನ ಎಂಜಿನಿಯರಿಂಗ್ ಸೀಟಿಗೆ ಶುಲ್ಕ ತುಂಬುವ ದಿನ ಅಪ್ಪ ಅದೇ ಪುತಳಿ ಸರ ತೆಗೆದುಕೊಂಡು ಪೇಟೆಗೆ ಹೋಗಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ದುಡ್ಡು ಕೈಯಲ್ಲಿತ್ತು. ಯಾರೂ ಪೆಟ್ಟಿಗೆ ಕೇಳಲಿಲ್ಲ, ಪ್ರಮಾಣಪತ್ರ ಕೇಳಲಿಲ್ಲ. ನೆರೆಯವರು ಹೋದ ಚಳಿಗಾಲದಲ್ಲಿ ಮನೆಯ ಸೂರು ರಿಪೇರಿಗೆಂದು ಕೆಲವು ಪ್ರೂಫ್‌ಗಳನ್ನು ಮಾರಲು ಹೊರಟರು. ವ್ಯಾಪಾರಿ ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿ, ಚಿನ್ನದ ದರಕ್ಕಿಂತ ಒಂದಿಷ್ಟೇ ಮೇಲೆ ಹೇಳಿದ. ಹೊಳಪಿಗೆಂದು ತೆತ್ತ ಹಣವೆಲ್ಲ ಗಾಳಿಗೆ ಹೋಯಿತು. ಅವರು ಸಿಟ್ಟಿನಿಂದ ಎಲ್ಲವನ್ನೂ ವಾಪಸ್ ತಂದಿಟ್ಟರು. ಸೂರು ಇನ್ನೂ ಸೋರುತ್ತಿದೆ.

ಅಣ್ಣನಿಗೆ ಈ ಸುದ್ದಿ ಹೇಳುವ ಮನಸ್ಸು ನನಗಂತೂ ಇಲ್ಲ.