ಬೀರುವಿಗೆ ಬೀಗ, ಕಿಟಕಿ ಬಯಲು

ಸರ್ಕಾರಿ ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ ಪಾಸ್‌ವರ್ಡ್ ಕೊಟ್ಟರೆ ರೋಗಿಗೆ ಎಚ್‌ಐವಿ ಇದೆಯೆಂಬ ಗುಟ್ಟು ಉಳಿಯುತ್ತದೆ ಎನ್ನುವವರಿದ್ದಾರೆ. ಆದರೆ ಗುಟ್ಟು ಲ್ಯಾಬ್ ಕಿಟಕಿಯಲ್ಲೂ ಸೋರುತ್ತದೆ. ರಿಪೋರ್ಟುಗಳ ಕಟ್ಟನ್ನು ಮೇಜಿನ ಮೇಲಿಟ್ಟು "ನಿಮ್ಮದು ಹುಡುಕಿಕೊಳ್ಳಿ" ಅಂದರೆ, ನಮ್ಮದು ಸಿಗುವಷ್ಟರಲ್ಲಿ ಹತ್ತು ಜನರದ್ದು ಓದಿಯಾಗಿರುತ್ತದೆ. ಸೋಂಕಿತರ ಕೇಸ್‌ಶೀಟಿನ ಮೇಲೆ ಕೆಂಪು ಶಾಯಿಯ ಗುರುತು ಹಾಕುವ ಚಾಳಿ ಬೇರೆ. ಸಿಬ್ಬಂದಿಯ ಸುರಕ್ಷತೆಗೆ ಅಂತೆ! ಗ್ಲೌಸು, ಸೂಜಿಯ ಎಚ್ಚರ ಎಲ್ಲ ರೋಗಿಗೂ ಒಂದೇ ಇರಬೇಕು. ಪರೀಕ್ಷೆಯೇ ಆಗದವರ ಫೈಲಿಗೆ ಯಾವ ಗುರುತು ಹಾಕುತ್ತಾರೆ?

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 8ನೇ ಸೆಕ್ಷನ್ ಪ್ರಕಾರ ಸೋಂಕಿನ ಮಾಹಿತಿ ಹೊರಹೋಗಲು ರೋಗಿಯ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಅದು ಬರಹದಲ್ಲಿರಬೇಕು. ಚಿಕಿತ್ಸೆ ಕೊಡುತ್ತಿರುವ ಇನ್ನೊಬ್ಬ ವೈದ್ಯರಿಗೆ ಅಗತ್ಯವಿದ್ದಷ್ಟು ಹೇಳಲು, ಕೋರ್ಟಿನ ಆದೇಶಕ್ಕೆ ವಿನಾಯಿತಿ ಉಂಟು. ಜೊತೆಗೆ ಬಂದ ಅಣ್ಣ, ಅತ್ತೆಗೆ ಇಲ್ಲ.

ಎಲ್ಲರೂ ಎಡವುವುದು ಗಂಡ-ಹೆಂಡತಿಯ ವಿಚಾರದಲ್ಲಿ. 9ನೇ ಸೆಕ್ಷನ್ ಸಂಗಾತಿಗೆ ಹೇಳುವ ಅಧಿಕಾರ ಕೊಡುವುದು ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ. ಆಶಾ ಕಾರ್ಯಕರ್ತೆಗಲ್ಲ, ಲ್ಯಾಬಿನವರಿಗೂ ಅಲ್ಲ. ಮೊದಲು ರೋಗಿಗೇ ಹೇಳುವಂತೆ ಸಮಾಲೋಚನೆ. ಅವರು ಹೇಳುವುದಿಲ್ಲವೆಂದು ಖಾತ್ರಿಯಾದರೆ "ನಾವು ಹೇಳುತ್ತೇವೆ" ಎಂದು ಅವರಿಗೆ ತಿಳಿಸಬೇಕು. ಆಮೇಲೆ ಸಂಗಾತಿಯನ್ನು ಕೂರಿಸಿ, ಸಮಾಲೋಚಿಸಿ, ಮುಖತಃ ಹೇಳಬೇಕು. ಫೋನು, ವಾಟ್ಸಾಪ್ ಸಲ್ಲದು. ರೋಗಿ ಹೆಣ್ಣಾಗಿದ್ದು, ಹೇಳಿದರೆ ಅವಳಿಗೆ ಹೊಡೆತವೋ, ಮನೆಯಿಂದ ಹೊರಹಾಕುವುದೋ ಆಗಬಹುದೆಂಬ ಸಕಾರಣ ಭಯವಿದ್ದರೆ ಸಂಗಾತಿಗೆ ಹೇಳಲೇಬಾರದು.

ದೂರು ವಿಚಾರಿಸಲು ಕಾಯ್ದೆಯಲ್ಲಿ ಒಂಬುಡ್ಸ್‌ಮನ್ ಎಂಬ ಅಧಿಕಾರಿಯ ವ್ಯವಸ್ಥೆ ಇದೆ; ಮಾಹಿತಿಗೆ ಸಹಾಯವಾಣಿ 1097, ಉಚಿತ.