ಮಂತ್ರದಂಡ ಇದ್ದರೂ ಹೋಮ್ಸ್ ಬೇಕು

ನಿನ್ನೆ ಗೆಳೆಯರ ಹರಟೆಯಲ್ಲಿ, ಷರ್ಲಾಕ್ ಹೋಮ್ಸ್ ಮತ್ತು ಹ್ಯಾರಿ ಪಾಟರ್ ಸೇರಿಸಿದ ಕ್ರಾಸ್‌ಓವರ್ ಫ್ಯಾನ್ ಫಿಕ್ಷನ್ (ಬೇರೆ ಬೇರೆ ಪುಸ್ತಕಗಳ ಪಾತ್ರಗಳನ್ನು ಬೆರೆಸಿ ಅಭಿಮಾನಿಗಳು ಬರೆಯುವ ಕಥೆ) ಅಂದ್ರೆ ನನಗೆ ಪ್ರಾಣ ಅಂದೆ. ಹಿರಿಯರೊಬ್ಬರು, "ಮಂತ್ರ ಹಾಕಿದರೆ ಕೊಲೆಗಾರ ಸಿಕ್ಕಿಬಿಡ್ತಾನಲ್ಲಮ್ಮ, ಪತ್ತೇದಾರನಿಗೇನು ಕೆಲಸ?" ಅಂದರು. ಎಲ್ಲರೂ ತಲೆಯಾಡಿಸಿದರು. ಮಾತು ಬೇರೆ ಕಡೆ ಹೋಯಿತು. ನನಗೆ ಮಾತ್ರ ಇನ್ನೂ ಸಿಟ್ಟು ಇಳಿದಿಲ್ಲ.

ಏನು ಕೆಲಸವಾ? ಆ ಮಾಂತ್ರಿಕ ಲೋಕದ ನ್ಯಾಯ ಹೇಗಿದೆ ಅಂತ ಸ್ವಲ್ಪ ನೋಡಿ. (ಹ್ಯಾರಿ ಪಾಟರ್ ಪುಸ್ತಕಗಳನ್ನು ಇನ್ನೂ ಓದದವರು ಇಲ್ಲೇ ನಿಲ್ಲಿಸಿ.) ಮುಂದೆ ವೋಲ್ಡೆಮಾರ್ಟ್ ಅನ್ನೋ ಖಳನಾಗುವ ಟಾಮ್ ರಿಡಲ್ ತನ್ನ ಸೋದರಮಾವ ಮಾರ್ಫಿನ್‌ನ ಮಂತ್ರದಂಡ ಕದ್ದು ಅಪ್ಪನನ್ನೂ ಅಜ್ಜ ಅಜ್ಜಿಯನ್ನೂ ಕೊಲ್ಲುತ್ತಾನೆ. ಆಮೇಲೆ ಮಾವನ ತಲೆಯೊಳಗೆ ಸುಳ್ಳು ನೆನಪು ತುಂಬುತ್ತಾನೆ. ಅಧಿಕಾರಿಗಳು ಬಂದು ದಂಡ ಪರೀಕ್ಷಿಸಿದರು. ಮಾರ್ಫಿನ್ ತಾನೇ ಕೊಂದೆ ಅಂದ. ಕೇಸ್ ಮುಗೀತು. ಪಾಪ, ಅವನು ಅಜ್ಕಬಾನ್ ಜೈಲಿನಲ್ಲೇ ಸತ್ತ. ಯಾವ ಮಂತ್ರ ಹಾಕಿದ್ದು ಅಂತ ದಂಡ ಹೇಳುತ್ತದೆ. ಹಿಡಿದ ಕೈ ಯಾರದ್ದು ಅಂತ ಹೇಳಲ್ಲ. ಅದನ್ನು ಕೇಳುವವರೇ ಅಲ್ಲಿಲ್ಲ!

ಹ್ಯಾರಿಯ ಅಪ್ಪನ ಗೆಳೆಯ ಸಿರಿಯಸ್ ಬ್ಲ್ಯಾಕ್ ಕಥೆ ಇನ್ನೂ ಘೋರ. ವಿಚಾರಣೆಯೇ ಇಲ್ಲದೆ 12 ವರ್ಷ ಜೈಲು. ಅವನು ಕೊಂದ ಅಂತ ಎಲ್ಲರೂ ನಂಬಿದ ಪೆಟಿಗ್ರ್ಯೂ ದೇಹದಲ್ಲಿ ಸಿಕ್ಕ ದೊಡ್ಡ ತುಂಡು ಅಂದ್ರೆ ಒಂದು ಬೆರಳು. ಅದನ್ನು ಪೆಟಿಗ್ರ್ಯೂ ತಾನೇ ಕತ್ತರಿಸಿಟ್ಟು ತಪ್ಪಿಸಿಕೊಂಡಿದ್ದ. ಹೋಮ್ಸ್ ಇದ್ದಿದ್ದರೆ ಭೂತಗನ್ನಡಿ ಹಿಡಿದು, ಈ ಬೆರಳು ಸಿಡಿದು ಬಂದದ್ದೋ ಕತ್ತರಿಸಿದ್ದೋ ಅಂತ ಮೊದಲು ನೋಡುತ್ತಿದ್ದ. ದೊಡ್ಡ ದೊಡ್ಡ ಮಾಂತ್ರಿಕರಿಗೂ ತರ್ಕ ಅನ್ನೋದು ಚೂರೂ ಇರಲ್ಲ ಅಂತ ಹ್ಯಾರಿಯ ಗೆಳತಿ ಹರ್ಮಯಾನಿ ಮೊದಲ ಪುಸ್ತಕದಲ್ಲೇ ಹೇಳಿದ್ದಾಳೆ. ಪತ್ತೇದಾರ ಬೇಕಾಗಿರೋದೇ ಅಲ್ಲಿ.

ಕಾಲವೂ ಎಷ್ಟು ಚೆಂದ ಕೂಡಿಬರುತ್ತದೆ ಗೊತ್ತಾ? ಕಥೆಯ ಪ್ರಕಾರ ಹೋಮ್ಸ್ 1891ರಲ್ಲಿ ರೈಕೆನ್‌ಬಾಕ್ ಜಲಪಾತದ ಹತ್ತಿರ ಕಣ್ಮರೆಯಾಗಿ, 1894ರಲ್ಲಿ ಲಂಡನ್ನಿಗೆ ವಾಪಸ್ ಬರುತ್ತಾನೆ. ನಡುವೆ ಟಿಬೆಟ್, ಪರ್ಷಿಯಾ, ಮೆಕ್ಕಾ ಅಂತ ನಾಲ್ಕು ಮಾತು ಬಿಟ್ಟರೆ ಹೋಮ್ಸ್ ಕಥೆಗಳನ್ನು ಬರೆದ ಡಾಯ್ಲ್ ಏನೂ ಹೇಳಲಿಲ್ಲ. ಅದೇ ಹೊತ್ತಿಗೆ, 1892ರಲ್ಲಿ, ಮುಂದೆ ಹ್ಯಾರಿಯ ಮಾಂತ್ರಿಕ ಶಾಲೆಗೆ ಮುಖ್ಯಸ್ಥನಾಗುವ ಹುಡುಗ ಡಂಬಲ್‌ಡೋರ್ ಹಾಗ್ವಾರ್ಟ್ಸ್‌ಗೆ ಸೇರುತ್ತಾನೆ. ಅಪ್ಪ ಜೈಲಿನಲ್ಲಿದ್ದಾನೆ, ಮನೆಯಲ್ಲಿ ತಂಗಿಯನ್ನು ಬಚ್ಚಿಟ್ಟಿದ್ದಾರೆ. ಇವರಿಬ್ಬರನ್ನು ಎದುರುಬದುರು ಕೂರಿಸಬೇಕು ಅಂತ ಯಾರಿಗೆ ತಾನೇ ಅನ್ನಿಸಲ್ಲ?

ಪತ್ತೇದಾರಿ ಕಥೆಯಲ್ಲಿ ಅಲೌಕಿಕ ಬರಬಾರದು ಅಂತ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ ನಿಯಮ ಮಾಡಿದ್ದ, ನಿಜ. ಕೊನೇ ಪುಟದಲ್ಲಿ ದೆವ್ವ ತಂದು ಓದುಗರಿಗೆ ಮೋಸ ಮಾಡಬಾರದು ಅನ್ನೋ ಕಾಳಜಿ ಅದು. ಯಾವ ಮಂತ್ರ ಏನು ಮಾಡುತ್ತದೆ, ಏನು ಮಾಡಲ್ಲ ಅಂತ ಮೊದಲೇ ಹೇಳಿಟ್ಟರೆ ಮೋಸ ಎಲ್ಲಿ ಬಂತು? ಇನ್ನು "ಕದ್ದ ಪಾತ್ರ" ಅನ್ನುವವರಿಗೆ: ನಾಟಕದಲ್ಲಿ ಹೋಮ್ಸ್‌ಗೆ ಮದುವೆ ಮಾಡಿಸಲಾ ಅಂತ ಆ ನಾಟಕದ ನಟ ವಿಲಿಯಂ ಜಿಲೆಟ್ ಕೇಳಿದಾಗ, ಮದುವೆ ಮಾಡಿಸಿ, ಕೊಲ್ಲಿ, ಏನು ಬೇಕಾದರೂ ಮಾಡಿ ಅಂದವರು ಸ್ವತಃ ಡಾಯ್ಲ್.

ಯಾರಿಗೂ ಹೇಳದ ಒಂದು ಮಾತು. ಅಪ್ಪ ತೀರಿಕೊಂಡ ವರ್ಷ ನನಗೆ ಹೊಸ ಪುಸ್ತಕ ಓದಲು ಆಗುತ್ತಲೇ ಇರಲಿಲ್ಲ. ಹೊಸ ಹೆಸರುಗಳು ತಲೆಗೆ ಹತ್ತುತ್ತಿರಲಿಲ್ಲ. ಮೊದಲೇ ಗೊತ್ತಿದ್ದವರು ಗೊತ್ತಿಲ್ಲದ ಜಾಗಕ್ಕೆ ಹೋಗುವ ಈ ಕಥೆಗಳನ್ನು ಮಾತ್ರ ಓದೋಕಾಗುತ್ತಿತ್ತು. ಅದಕ್ಕೇ ಇವುಗಳನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ತಡೆಯಲ್ಲ.

ಆ 1891–94ರ ಕಾಲದಲ್ಲಿ ನಡೆಯುವ ಒಳ್ಳೆಯ ಕಥೆ ಯಾರಾದರೂ ಓದಿದ್ದರೆ ಹೇಳಿ. ಉದ್ದ ಎಷ್ಟಿದ್ದರೂ ಸರಿ, ಬರೆದವರು ಮುಗಿಸಿರಬೇಕು. ಕೊಲೆಗಾರ ಯಾರು ಅಂತ ಹೇಳದೆ ಅರ್ಧಕ್ಕೆ ನಿಂತ ಕಥೆಗಳು ನನ್ನ ಹತ್ತಿರವೇ ಬೇಕಾದಷ್ಟಿವೆ.