ಸಂಡಿಗೆ ಕಾಯೋ ಸಿಸಿಟಿವಿ

ಬೆಂಗಳೂರಲ್ಲಿ ಮೂವತ್ತು ನಲವತ್ತು ಸೈಟು ಅಂದ್ರೆ 1,200 ಚದರಡಿ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದ್ರೆ ಅದ್ರಲ್ಲಿ ಎಷ್ಟು ಜಾಗಕ್ಕೆ ಮನೆ ಕಟ್ಬೋದು ಅನ್ನೋ ಲೆಕ್ಕ ಗೊತ್ತಿರೋನು ಇಂಜಿನಿಯರು, ಆ ಲೆಕ್ಕ ತಪ್ಸೋದು ಗೊತ್ತಿರೋನು ಮೇಸ್ತ್ರಿ. ನಮ್ಮನೆ ಪ್ಲಾನ್ ಪ್ರಕಾರ ಪಕ್ಕದ ಕಾಂಪೌಂಡಿಗೂ ನಮ್ಮ ಗೋಡೆಗೂ ಮಧ್ಯೆ ಮೂರಡಿ ಬಿಡ್ಬೇಕು. ಪಕ್ಕದ ಮನೆಯವ್ರ ಪ್ಲಾನಲ್ಲೂ ಅವ್ರ ಕಡೆ ಮೂರಡಿ. ಮೂರೂ ಮೂರೂ ಆರು, ಎರಡು ಮನೆ ಮಧ್ಯೆ ಆರಡಿ ಅಗಲಕ್ಕೆ ಗಾಳಿ ಬೆಳಕು ಆರಾಮಾಗಿ ಓಡಾಡ್ಕೊಂಡಿರ್ಬೇಕಿತ್ತು. ಈಗ ಅಲ್ಲಿ ಓಡಾಡೋದು ಒಂದು ಬೆಕ್ಕು ಮಾತ್ರ, ಅದೂ ಬಸುರಿ ಆದಾಗ ರೋಡ್ ಕಡೆಯಿಂದ ಸುತ್ತಾಕ್ಕೊಂಡು ಬರುತ್ತೆ.

ಇಷ್ಟು ವರ್ಷ ಇದ್ರಿಂದ ಯಾರಿಗೂ ತೊಂದ್ರೆ ಅಂತ ಅನ್ಸಿರ್ಲಿಲ್ಲ ಬಿಡಿ. ಎರಡು ಅಡುಗೆಮನೆ ಕಿಟಕಿ ಎದುರಾಬದುರಾ, ಕೈ ಚಾಚಿದ್ರೆ ಹೆಪ್ಪು, ಕರಿಬೇವು, ಅರ್ಧ ಲೋಟ ಸಕ್ಕರೆ ಎಲ್ಲಾ ಅಲ್ಲಿಂದಲೇ ವರ್ಗಾವಣೆ. ಆ ಕಡೆ ಅಂಕಲ್ ಎರಡು ಸಲ ಕೆಮ್ಮಿದ್ರೆ ಈ ಕಡೆ ಅಮ್ಮ ಕಷಾಯಕ್ಕೆ ಇಡ್ತಾಳೆ. ಒಂದ್ಸಲ ನನ್ನ ಇನ್‌ಕ್ರಿಮೆಂಟ್ ಎಷ್ಟಾಯ್ತು ಅಂತ ಅಮ್ಮನ ಹತ್ರ ಪಿಸುಗುಟ್ಟಿದ್ದೆ, ಸಂಜೆ ಗೇಟ್ ಹತ್ರ ಸಿಕ್ಕ ಪಕ್ಕದ ಮನೆ ಆಂಟಿ "ಕಂಗ್ರಾಟ್ಸ್ ಕಣೋ, ಆದ್ರೂ ಇನ್ನೊಂಚೂರು ಕೊಡ್ಬೋದಿತ್ತು ನಿಮ್ ಕಂಪ್ನಿಯವ್ರು" ಅಂತ ಬೇಜಾರು ಮಾಡ್ಕೊಂಡ್ರು.

ಎಲ್ಲಾ ಕೆಟ್ಟಿದ್ದು ಕ್ಯಾಮೆರಾ ಬಂದ್ಮೇಲೆ. ಬೀದೀಲಿ ಯಾರ್ದೋ ಬೈಕಿಂದ ಪೆಟ್ರೋಲ್ ಕದ್ರು, ಅಂಕಲ್ ಮನೆ ಮುಂದೆ ಬಿಟ್ಟಿದ್ದ ಹೊಸ ಚಪ್ಪಲಿ ಹೋಯ್ತು, ಆ ಸುದ್ದಿ ಅಮೆರಿಕದ ಡಲ್ಲಾಸಲ್ಲಿರೋ ಅವ್ರ ಮಗಂಗೆ ಮುಟ್ತು, ಅವ್ನು ಅಲ್ಲಿಂದಲೇ ಆನ್‌ಲೈನಲ್ಲಿ ಆರ್ಡರ್ ಮಾಡಿ ಹುಡುಗನ್ನ ಕಳ್ಸಿ ಫಿಟ್ ಮಾಡ್ಸೇ ಬಿಟ್ಟ. ಚಪ್ಪಲಿ ಹೋಗಿದ್ದು ಗೇಟ್ ಹತ್ರ, ಕ್ಯಾಮೆರಾ ಕೂತಿದ್ದು ತಾರಸಿ ಮೇಲಿನ ಹೆಡ್‌ರೂಂ ಗೋಡೆಗೆ, ಯಾಕಂದ್ರೆ ವೈಫೈ ಸಿಗ್ನಲ್ ಚೆನ್ನಾಗಿ ಸಿಗೋದು ಅಲ್ಲೇ ಅಂತೆ. ವೈಡ್ ಆಂಗಲ್ ಬೇರೆ. ಅವ್ರ ತಾರಸಿ ಕಾಲು ಭಾಗ ಕಂಡ್ರೆ ನಮ್ಮ ತಾರಸಿ ಮುಕ್ಕಾಲು ಭಾಗ ಕಾಣುತ್ತೆ, ಅಂದ್ರೆ ಚಪ್ಪಲಿ ಕಳ್ಳ ನಮ್ಮ ನೀರಿನ ಟ್ಯಾಂಕಲ್ಲಿ ಅಡಗಿಕೊಂಡಿದ್ರೆ ಮಾತ್ರ ಸಿಕ್ಕಾಕ್ಕೋತಾನೆ.

ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಅಮ್ಮ ನೈಟಿ ಮೇಲೆ ಟವೆಲ್ ಹೊದ್ಕೊಂಡು ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಡ್ತಾ ಕೂತಿದ್ಳು. ಇದ್ದಕ್ಕಿದ್ದ ಹಾಗೆ ಮೇಲಿಂದ "ಹಲೋ, ಹೂ ಈಸ್ ದಟ್?" ಅಂತ ಒಂದು ಗಂಡು ಧ್ವನಿ ಬಂತಂತೆ. ಅಮ್ಮ ಮೊದ್ಲು ಆಂಜನೇಯ ಅಂದ್ಕೊಂಡ್ಳಂತೆ, ಆಮೇಲೆ ಆಂಜನೇಯ ಇಂಗ್ಲಿಷಲ್ಲಿ ಯಾಕೆ ಮಾತಾಡ್ತಾನೆ ಅಂತ ಡೌಟು ಬಂದು ತಲೆ ಎತ್ತಿದ್ರೆ ಕ್ಯಾಮೆರಾ ಕೆಂಪು ದೀಪ ಮಿಣಿಮಿಣಿ ಅಂತಿದೆ. ಡಲ್ಲಾಸಲ್ಲಿ ಆಗ ರಾತ್ರಿ ಎರಡು ಗಂಟೆ. ಯಾರೋ ತಾರಸೀಲಿ ಅಲ್ಲಾಡ್ತಿದಾರೆ ಅಂತ ಆ ಹುಡುಗನ ಫೋನಿಗೆ ಅಲರ್ಟ್ ಹೋಗಿ, ಅವ್ನು ನಿದ್ದೆಗಣ್ಣಲ್ಲಿ ಮೈಕ್ ಆನ್ ಮಾಡಿದ್ದಾನೆ. "ನಾನು ಕಣೋ ಪಕ್ಕದ ಮನೆ ಆಂಟಿ!" ಅಂತ ಅಮ್ಮ ಕೂಗಿದ್ದಕ್ಕೆ "ಓ ಸಾರಿ ಆಂಟಿ, ಊಟ ಆಯ್ತಾ?" ಅಂದನಂತೆ. ಸಂಡಿಗೆ ಹಿಟ್ಟಿನ ಪಾತ್ರೆ ಅಷ್ಟೊತ್ತಿಗೆ ಬೋರಲು ಬಿದ್ದಿತ್ತು.

ಅಪ್ಪ ರಿಟೈರಾದ್ಮೇಲೆ ಪೇಪರ್ ಓದೋದು ಕೊನೇ ಪುಟದ ಟೆಂಡರ್ ನೋಟೀಸ್ ತನಕ, ಆದ್ರಿಂದ ಅವ್ರ ಹತ್ರ ಮದ್ದುಗುಂಡು ರೆಡಿ ಇತ್ತು. "ಪ್ರೈವಸಿ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟು ಒಂಬತ್ತು ಜನ ಜಡ್ಜುಗಳು ಕೂತು ಹೇಳಿದಾರೆ, ಕೇಸ್ ಹಾಕಿದೋರು ಯಾರು ಗೊತ್ತಾ, ನಮ್ಮ ಕರ್ನಾಟಕ ಹೈಕೋರ್ಟಿನ ರಿಟೈರ್ಡ್ ಜಡ್ಜ್ ಪುಟ್ಟಸ್ವಾಮಿಯವ್ರು, ಎಂಬತ್ತು ದಾಟಿದ್ಮೇಲೆ ಹಾಕಿದ್ರು, ನಂಗಿನ್ನೂ ಅರವತ್ತಾರು" ಅಂತ ಶುರು ಮಾಡಿದ್ರು. ಆಧಾರ್ ವಿರುದ್ಧ ದೇಶಾನೇ ಅಲ್ಲಾಡಿಸಿದ ಆ ಕೇಸು ಒಂದು ದಿನ ನಮ್ಮ ತಾರಸಿ ಸಂಡಿಗೆ ಪರವಾಗಿ ವಾದಕ್ಕೆ ಬರುತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಕ್ಕಿಲ್ಲ.

ವಾದ ಲೇಔಟ್ ವಾಟ್ಸಾಪ್ ಗ್ರೂಪಿಗೆ ಹೋಯ್ತು. ಕೊನೇ ಕ್ರಾಸಿನ ಲಾಯರ್ ಒಬ್ರು 2023ರ ಡೇಟಾ ಸಂರಕ್ಷಣಾ ಕಾಯ್ದೆ ತೆಗೆದ್ರು, ಅಪ್ಪಂಗೆ ಖುಷಿಯೋ ಖುಷಿ. ಮುಂದಿನ ಮೆಸೇಜಲ್ಲಿ ಅವ್ರೇ, ಖಾಸಗಿ ವ್ಯಕ್ತಿ ಸ್ವಂತಕ್ಕೆ, ಮನೆ ಮಟ್ಟಿಗೆ ಇಟ್ಕೊಂಡಿರೋ ಮಾಹಿತಿಗೆ ಈ ಕಾಯ್ದೆ ಅನ್ವಯ ಆಗಲ್ಲ ಅಂತ ಬರೆದ್ರು. ಅಪ್ಪ ಗ್ರೂಪ್ ಮ್ಯೂಟ್ ಮಾಡಿದ್ರು. ಇಲ್ಲೊಂದು ಸಣ್ಣ ವಿಷಯ ಹೇಳ್ಬಿಡ್ತೀನಿ, ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರ್ಸೋ ಖಾತೆ ಆನ್‌ಲೈನಾಗಿ ಇ-ಖಾತಾ ಶುರುವಾಗಿ ವಾರ್ಡ್‌ವಾರು ಡ್ರಾಫ್ಟ್ ಪಟ್ಟಿ ಆನ್‌ಲೈನಲ್ಲಿ ಬಂದಾಗ ನಮ್ಮನೆ ಹೆಸರು ಹುಡುಕೋ ನೆಪದಲ್ಲಿ ಕೂತು ಇಡೀ ಬೀದೀಲಿ ಯಾವ ಮನೆ ಯಾರ ಹೆಸರಲ್ಲಿದೆ, ಯಾರ ಮನೆ ಹೆಂಡ್ತಿ ಹೆಸರಲ್ಲಿದೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದು ಇದೇ ಅಪ್ಪ. ಅದನ್ನ ನೆನಪಿಸಿದ್ರೆ "ಅದು ಪಬ್ಲಿಕ್ ರೆಕಾರ್ಡು, ಇದು ಬೇರೆ" ಅಂದ್ರು.

ಕೊನೆಗೆ ಮುಖಾಮುಖಿ ಆಯ್ತು, ಕಿಟಕಿ ಟು ಕಿಟಕಿ. ಅಪ್ಪ "ಕ್ಯಾಮೆರಾ ತಿರುಗ್ಸಿ ಸ್ವಾಮಿ, ನಮಗೂ ಒಂದು ಪ್ರೈವಸಿ ಅಂತ ಬೇಡ್ವಾ" ಅಂದ್ರು. ಅಂಕಲ್ ಕಾಫಿ ಗುಟುಕರಿಸಿ, "ಪ್ರೈವಸಿ ಬೇಕು ಅಂದಿದ್ರೆ ಮೂರಡಿ ಬಿಟ್ಟು ಕಟ್ಬೇಕಿತ್ತು ರಾಯ್ರೇ" ಅಂದ್ಬಿಟ್ರು. "ನೀವು ಬಿಟ್ಟಿದೀರಾ?" ಅಂತ ಅಪ್ಪ. "ನಮ್ದು ಬರೀ ಯುಟಿಲಿಟಿ, ಶೀಟ್ ಹಾಕಿರೋದು." "ನಮ್ದೂ ಬರೀ ಬಾತ್ರೂಮು." "ಕಂಪ್ಲೇಂಟ್ ಕೊಡ್ಲಾ?" "ಮೊದ್ಲು ನಾನ್ ಕೊಡ್ತೀನಿ." ಅಷ್ಟರಲ್ಲಿ ಆಂಟಿ ಮಧ್ಯದಿಂದ ಕೈ ತೂರ್ಸಿ ಅಮ್ಮಂಗೆ ಹೆಪ್ಪಿನ ಬಟ್ಟಲು ಕೊಟ್ರು, ಅದು ಇದ್ಯಾವುದಕ್ಕೂ ಸಂಬಂಧ ಇಲ್ಲ.

ಕಂಪ್ಲೇಂಟ್ ಕೊಡ್ಬೇಕಂದ್ರೆ ಎದುರು ಪಾರ್ಟಿಯ ಮಂಜೂರಾದ ಪ್ಲಾನ್ ಬೇಕು, ಅದಕ್ಕೆ ಆರ್‌ಟಿಐ ಹಾಕ್ಬೇಕು. ಅಪ್ಪ ರಾತ್ರಿಯೆಲ್ಲಾ ಕೂತು ನಾಲ್ಕು ಪುಟ ಬರೆದ್ರು. ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕಿರ್ಬೇಕು, 150 ಪದ ಮೀರ್ಬಾರ್ದು. ಅಪ್ಪನ ಸಿಟ್ಟು 150 ಪದದಲ್ಲಿ ಹಿಡಿಸೋ ಅಂಥದ್ದಲ್ಲ, ಪೀಠಿಕೆಗೇ ಅಷ್ಟು ಖರ್ಚಾಗಿತ್ತು, ಚಪ್ಪಲಿ ವಿಷಯಾನೇ ಇನ್ನೂ ಬಂದಿರ್ಲಿಲ್ಲ. ಹೊಡ್ದು ಹೊಡ್ದು ಕೊನೆಗೆ ಒಂದು ಪ್ಯಾರಾ ಮಾಡಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ತಗೊಳ್ಳೋಕೆ ಪೋಸ್ಟಾಫೀಸಿಗೆ ಹೋದ್ರೆ ಕ್ಯೂನಲ್ಲಿ ಮುಂದೆ ನಿಂತಿರೋದು ಪಕ್ಕದ ಮನೆ ಅಂಕಲ್. ಅವ್ರ ಕೈಲೂ ಒಂದು ಪ್ಯಾರಾ. ಕೌಂಟರಲ್ಲಿ ಪೋಸ್ಟಲ್ ಆರ್ಡರ್ ಒಂದೇ ಉಳಿದಿತ್ತಂತೆ. ನೀವು ತಗೊಳ್ಳಿ ನೀವು ತಗೊಳ್ಳಿ ಅಂತ ಇಬ್ರೂ ಮರ್ಯಾದೆ ಮಾಡ್ಕೊಂಡು, ಯಾರೂ ತಗೊಳ್ದೆ, ಪಕ್ಕದ ಹೋಟ್ಲಲ್ಲಿ ಬೈ ಟು ಕಾಫಿ ಕುಡ್ಕೊಂಡು ವಾಪಸ್ ಬಂದ್ರು. ಬೆಂಗಳೂರಲ್ಲಿ ಎಷ್ಟೋ ಕಟ್ಟಡಗಳು ಇವತ್ತಿಗೂ ನಿಂತಿರೋದು ಇಂಥ ಮರ್ಯಾದೆ ಮೇಲೇ ಅಂತ ನನ್ನ ಗುಮಾನಿ.

ಆದ್ರೆ ಅಂಕಲ್ ಹೇಳಿದ್ದು ನನ್ನ ತಲೇಲಿ ಕೂತ್ಬಿಡ್ತು, ಯಾಕಂದ್ರೆ ಅದು ನಿಜ. ಮನೆ ಸುತ್ತ ಬಿಡ್ಬೇಕಾದ ಈ ಜಾಗ, ಅಂದ್ರೆ ಸೆಟ್‌ಬ್ಯಾಕು, ಗಾಳಿ ಬೆಳಕಿಗೆ, ಬೆಂಕಿ ಬಿದ್ರೆ ಓಡಾಡೋಕೆ ಅಂತ ಹೇಳ್ತಾರೆ ಸರಿ, ಆದ್ರೆ ಪಕ್ಕದವ್ರ ಜಗಳ ನಮ್ಮ ಕಿವಿಗೆ ಬೀಳ್ದೇ ಇರೋಕೂ ಅದೇ ಮೂರಡಿ ಬೇಕು. ಕಾನೂನು ಪುಸ್ತಕದಲ್ಲಿ ಪ್ರೈವಸಿ ಬರೋಕ್ಕಿಂತ ಎಷ್ಟೋ ಮುಂಚೆ ಕಟ್ಟಡದ ಬೈಲಾದಲ್ಲಿ ಅಡಿ ಇಂಚಲ್ಲಿ ಬಂದಿತ್ತು. ಅದನ್ನ ನಾವೇ ಬಾತ್ರೂಮ್ ಮಾಡಿ, ಬಾಡಿಗೆಗೂ ಕೊಟ್ಟು, ಈಗ ಕ್ಯಾಮೆರಾ ಮೇಲೆ ಹರಿಹಾಯ್ತಿದೀವಿ.

ಬಾಡಿಗೆ ಅಂದೆ ನೋಡಿ, ಅದೂ ಒಂದು ಕಥೆ. ಮೇಲೆ ಒಂದು ಮನೆ ಎಬ್ಬಿಸಿ ಬಾಡಿಗೆಗೆ ಬಿಡೋಣ ಅಂತ ಅಪ್ಪ ಕೆಲಸ ಶುರು ಮಾಡ್ಸಿದ್ರು, ಅಷ್ಟೊತ್ತಿಗೆ ಸರಿಯಾಗಿ 2024ರ ಡಿಸೆಂಬರಲ್ಲಿ ಮೀರತ್ ಕಡೆಯ ಯಾವುದೋ ಕಟ್ಟಡದ ಕೇಸಲ್ಲಿ ಸುಪ್ರೀಂ ಕೋರ್ಟು, ಕಟ್ಟಡ ಮುಗಿದಿದೆ ಅನ್ನೋ ಸರ್ಟಿಫಿಕೇಟು (ಸಿಸಿ), ವಾಸ ಮಾಡ್ಬೋದು ಅನ್ನೋ ಸರ್ಟಿಫಿಕೇಟು (ಓಸಿ) ತೋರಿಸಿದ್ರೇನೇ ಕರೆಂಟು ನೀರು ಕೊಡ್ಬೇಕು ಅಂತ ಇಡೀ ದೇಶಕ್ಕೇ ಹೇಳ್ಬಿಡ್ತು. ಎಲೆಕ್ಟ್ರಿಕಲ್ ಕಾಂಟ್ರಾಕ್ಟರು "ಸಾರ್ ಮೀಟರ್ ಕನಸು ಬಿಟ್ಬಿಡಿ" ಅಂದ. ಹಿಂದೆ, ಪ್ಲಾನ್ ಮೀರಿ ಕಟ್ಟಿದ್ದನ್ನ ದಂಡ ಕಟ್ಟಿಸ್ಕೊಂಡು ಸರಿ ಮಾಡೋ ಅಕ್ರಮ ಸಕ್ರಮ ಬರುತ್ತೆ ಅಂತ ಕಾಯ್ಕೊಂಡಿದ್ದೋರು ಅಪ್ಪ, ಅದಕ್ಕೆ 2017ರ ಜನವರೀಲಿ ತಡೆ ಬಿದ್ದಾಗ ಪಂಚಾಂಗ ನೋಡಿ ಶನಿ ಅಂದಿದ್ರು. ಈಗಿನೋರಿಗೆ ನಂಬಿಕೆ ನಕ್ಷೆ ಅಂತ ಆನ್‌ಲೈನಲ್ಲೇ ಪ್ಲಾನ್ ಸಿಗುತ್ತೆ, ಅಪ್ಪನ ಕಾಲದಲ್ಲಿ ನಕ್ಷೆ ಬೀರುವಲ್ಲಿರ್ತಿತ್ತು, ನಂಬಿಕೆ ಎಲ್ಲಾ ಮೇಸ್ತ್ರಿ ಮೇಲೆ. ಆಮೇಲೆ 2025ರಲ್ಲಿ ಸರ್ಕಾರ 1,200 ಚದರಡಿ ತನಕದ ಸೈಟಲ್ಲಿರೋ ಸಣ್ಣ ಮನೆಗಳಿಗೆ ಓಸಿ ವಿನಾಯ್ತಿ ಅಂದಾಗ ಬೀದೀಲಿ ಪಟಾಕಿ ಹೊಡೆಯೋದೊಂದು ಬಾಕಿ. ಆದ್ರೆ ಪ್ಲಾನ್ ಮೀರಿ ಕಟ್ಟಿರೋದಕ್ಕೂ ಇದು ಸೇರುತ್ತಾ ಇಲ್ವಾ ಅಂತ ಗ್ರೂಪಲ್ಲಿ ಮತ್ತೆ ಜಗಳ. ಅದೇ ವರ್ಷ ಸೆಪ್ಟೆಂಬರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದು ಪಾಲಿಕೆ ಆಗಿದ್ದಕ್ಕೆ ಕೆಲವ್ರಿಗೆ ಒಳಗೊಳಗೇ ಖುಷಿ, ಫೈಲು ಎಲ್ಲೋ ಮಧ್ಯ ದಾರೀಲಿ ಕಳ್ದೋಗ್ಬೋದು ಅಂತ.

ಕ್ಯಾಮೆರಾ ಜಗಳ ಮುಗಿದಿದ್ದು ಮಾತ್ರ ಕಾಗೆಗಳಿಂದ. ಅಮ್ಮ ಸಂಡಿಗೆ ಇಟ್ಟು ಕೆಳಗೆ ಬಂದ್ರೆ ಸಾಕು, ಕಾಗೆ ಸಂಸಾರ ಸಮೇತ ಹಾಜರಿ. ಒಂದಿನ ಅವು ಬಂದು ಕೂತ ತಕ್ಷಣ ಡಲ್ಲಾಸಿಗೆ ಅಲರ್ಟ್ ಹೋಗಿ ಆ ಹುಡುಗ ರಾತ್ರಿ ಎರಡು ಗಂಟೇಲಿ "ಹುಶ್! ಹೋಗಾಚೆ!" ಅಂತ ಕೂಗಿದ್ದಾನೆ. ಕಾಗೆಗಳು ಪೇರಿ ಕಿತ್ವು. ಅಮ್ಮನ ಸಿದ್ಧಾಂತ ಅವತ್ತೇ ಬದಲಾಯ್ತು. "ತಿರುಗ್ಸೋದು ಬೇಡ, ಒಂಚೂರು ಕೆಳಗೆ ಬಗ್ಗಿಸಿದ್ರೆ ಹಪ್ಪಳನೂ ಕಾಣುತ್ತೆ" ಅಂತ ಆಂಟಿ ಹತ್ರ ಹೇಳಿ ಕಳ್ಸಿದ್ಳು. ಅಪ್ಪ "ಮೂಲಭೂತ ಹಕ್ಕು ಕಣೇ" ಅಂತ ಹಲ್ಲು ಕಡಿದ್ರೆ "ಹಕ್ಕು ಕರಿದು ತಿನ್ನೋಕಾಗುತ್ತಾ" ಅಂತ ಅಮ್ಮ. ಆ ಬೇಸಿಗೆ ಪೂರ್ತಿ ಒಬ್ಬ ಸೀನಿಯರ್ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಅಮೆರಿಕದಿಂದ ನಮ್ಮನೆ ಸಂಡಿಗೆ ಕಾದಿದ್ದಾನೆ. ಅವ್ನ ಹೆಂಡ್ತಿ ಫೋನ್ ಸೈಲೆಂಟಿಗೆ ಹಾಕ್ಸೋ ತನಕ.

ಕಾರ್ತಿಕ ಮಾಸದಲ್ಲಿ ಒಂದು ಬೆಳಗ್ಗೆ ಬೀದಿ ಮೇಲೆ ಡ್ರೋನ್ ಬಂತು. ಅಕ್ರಮ ಕಟ್ಟಡದ ಸರ್ವೆ ಶುರು ಅಂತೆ, ಫೋಟೋ ತೆಗೆದು ನೋಟೀಸ್ ಮನೆಗೇ ಕಳಿಸ್ತಾರಂತೆ ಅಂತ ಗ್ರೂಪಲ್ಲಿ ಬಂದಿದ್ದೇ ತಡ, ಇಡೀ ಬೀದಿ ತಾರಸಿಗೆ. ಒಬ್ರು ಶೀಟ್ ಮನೆ ಮೇಲೆ ಟಾರ್ಪಾಲ್ ಎಳೆದ್ರು, ಎದುರು ಮನೆಯೋರು "ಟು ಲೆಟ್" ಬೋರ್ಡ್ ಕಿತ್ತು ಒಳಗೆ ಓಡಿದ್ರು, ಮೂಲೆ ಮನೆ ಪಿಜಿ ಓನರು ಮೂರನೇ ಮಹಡಿ ಹುಡುಗರಿಗೆಲ್ಲಾ ಒಣಗ್ಹಾಕಿರೋ ಬಟ್ಟೆ ತೆಗೀರಿ ಅಂತ ಆರ್ಡರ್ ಮಾಡಿದ್ರು, ಬಟ್ಟೆ ತೆಗೆದ್ರೆ ಮಹಡಿ ಕಾಣಲ್ಲ ಅನ್ನೋ ಹಾಗೆ. ಪಕ್ಕದ ಅಂಕಲ್ ಒಬ್ರ ಕೈಲಾಗ್ತಿಲ್ಲ ಅಂತ ಅಪ್ಪ ನಮ್ಮ ಕಡೆಯಿಂದ ಟಾರ್ಪಾಲಿನ ಇನ್ನೊಂದು ತುದಿ ಹಿಡಿದ್ರು, ಅದು ಎರಡೂ ಮನೆ ಮೂರಡಿನ ಒಟ್ಟಿಗೇ ಮುಚ್ತು.

ಸಂಜೆ ಗೊತ್ತಾಯ್ತು, ಅದು ಹಿಂದಿನ ರೋಡಲ್ಲಿ ಹೊಸ ಮನೆ ಗೃಹಪ್ರವೇಶದ ಫೋಟೋಗ್ರಾಫರ್ ಬಿಟ್ಟಿದ್ದ ಡ್ರೋನು. ಎರಡು ವಾರ ಬಿಟ್ಟು ವಿಡಿಯೋ ಬಂತು. ನಾದಸ್ವರ ಹಿನ್ನೆಲೇಲಿ ಮೊದ್ಲು ಗೋಪುರ, ತೆಂಗಿನ ಮರ, ಆಮೇಲೆ ನಿಧಾನಕ್ಕೆ ನಮ್ಮ ಬೀದಿ, ಸ್ಲೋ ಮೋಷನಲ್ಲಿ ಟಾರ್ಪಾಲ್ ಹಿಡ್ಕೊಂಡು ಓಡ್ತಿರೋ ಹಿರಿಯ ನಾಗರಿಕರು. ಎಲ್ಲಾ ಮನೆ ಎಲ್ಲಾ ಶೀಟು ಎಲ್ಲಾ ಸಜ್ಜ, ಒಂದೂ ಬಿಡ್ದೆ ಫೋರ್ ಕೆ ಕ್ಲಾರಿಟೀಲಿ. ಅಸೋಸಿಯೇಷನ್ ಪ್ರೆಸಿಡೆಂಟು "ದಯವಿಟ್ಟು ಡಿಲೀಟ್ ಮಾಡಿ, ಇದು ಬೀದಿಯ ಪ್ರೈವಸಿ ಪ್ರಶ್ನೆ" ಅಂತ ಕೈ ಮುಗಿಯೋ ಎಮೋಜಿ ಹಾಕಿದ್ರು. ಆ ಮನೆಯವ್ರು ಅಷ್ಟೊತ್ತಿಗೆ ಲೊಕೇಶನ್ ಸಮೇತ ಯೂಟ್ಯೂಬಿಗೆ ಹಾಕಿಯಾಗಿತ್ತು. ಡಲ್ಲಾಸಿಂದ "ಸೂಪರ್ ಶಾಟ್ ಅಂಕಲ್" ಅಂತ ಥಂಬ್ಸಪ್ ಬಂತು. ಅಪ್ಪ ಮಾತ್ರ ಯಾರ ಜೊತೇನೂ ಮಾತಾಡ್ದೆ ಕನ್ನಡಕ ಹಣೆಗೇರಿಸಿ ಫೋನನ್ನ ಮೂಗಿನ ಹತ್ರ ಹಿಡ್ಕೊಂಡು ಜೂಮ್ ಮಾಡ್ತಾನೇ ಇದ್ರು, ಪಕ್ಕದ ಮನೆ ಸಜ್ಜ ನಮ್ಮ ಕಡೆ ಎಷ್ಟಿಂಚು ಬಂದಿದೆ ಅಂತ.